ಡಿಕ್ಕಿಯೊಳಗೆ ಕೂತ ಉಸ್ತಾದರು

ಗಾಡಿಯ ಡಿಕ್ಕಿ ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೆಂದು ಯಾರಾದರೂ ಬಂದು ನಿಂತರೆ ಮೊದಲು ಮುಚ್ಚಳಕ್ಕೆ ಕೈ ಹಾಕಬೇಡಿ. ಸ್ವಲ್ಪ ಹಿಂದೆ ಸರಿದು ಇಡೀ ಗಾಡಿಯನ್ನು ನೋಡಿ. ಒಂದು ಮಗ್ಗುಲು ಇಳಿದಿದೆಯೇ, ಹಿಂದಿನ ಸ್ಪ್ರಿಂಗಿನ ಪಟ್ಟಿ ಮುರಿದಿದೆಯೇ, ಯಾವ ಕಾಲಕ್ಕೋ ಯಾರೋ ಹಿಂದಿನಿಂದ ಗುದ್ದಿ ಮೇಲೆ ಬಣ್ಣ ಬಳಿದಿದ್ದಾರೆಯೇ, ಇಷ್ಟನ್ನೂ ನೋಡಿ. ಮುಚ್ಚಳ ಎನ್ನುವುದು ಪಾಪದ ವಸ್ತು. ಬೇರೆಲ್ಲೋ ಆದ ಪೆಟ್ಟು ಅದರ ಮೇಲೆ ಕಾಣಿಸಿಕೊಳ್ಳುತ್ತದೆ, ಬೈಗುಳ ಅದಕ್ಕೆ ಬೀಳುತ್ತದೆ. ಇದು ನನ್ನ ತಲೆಗೆ ಹೋಗಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಈಗ ಗ್ಯಾರೇಜಿಗೆ ಸೇರುವವರಿಗೆ ಅಷ್ಟು ಹೊತ್ತು ಹಿಡಿಯದಿರಲಿ ಎಂದು, ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಅಳವಂಡಿಯ ಕಮ್ಮಾರರ ಮನೆಯವನು. ಹೆಸರು ಕಾಳಪ್ಪ. ಅಪ್ಪ ಕುಳ, ಕುಡಗೋಲು, ಗಾಲಿಯ ಹಳಿ ಮಾಡುತ್ತಿದ್ದರು. ಮನೆಯಲ್ಲಿ ಅಣ್ಣನಿಗೇ ಸಾಲುವಷ್ಟು ಕೆಲಸ ಇಲ್ಲದ್ದರಿಂದ ನಾನು ಕೊಪ್ಪಳಕ್ಕೆ ಬಂದು ಸ್ಟೇಷನ್ನಿನ ಹತ್ತಿರ ಇಮಾಮಸಾಬರ ಮೋಟಾರು ಶೆಡ್ಡಿಗೆ ಸೇರಿದೆ. ನಿಜಾಮನ ಕಾಲ ಅದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಸೇರಿಸಿದರೂ ಮೋಟಾರುಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು. ಯಾವ ಗಾಡಿ ಬಂತೆಂದು ಸದ್ದಿನ ಮೇಲೇ ಹೇಳುತ್ತಿದ್ದೆವು.

ಇಮಾಮಸಾಬರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಸಣ್ಣ ಆಳು. ಗಿಡ್ಡ ದೇಹ, ಕತ್ತರಿಸಿದ ಗಡ್ಡ, ಎಷ್ಟು ಕೊಳೆ ಕೆಲಸ ಮಾಡಿದರೂ ಬೆಳ್ಳಗೇ ಇರುವ ಟೋಪಿ. ಸೊಲ್ಲಾಪುರದಲ್ಲಿ ಟಾಂಗಾ ಕಟ್ಟುವವರ ಬಳಿ ಇದ್ದು, ಆಮೇಲೆ ಹೈದರಾಬಾದಿನಲ್ಲಿ ಎಂಜಿನ್ನಿನ ಕೆಲಸ ಕಲಿತು ಬಂದವರು. ಎಂಜಿನ್ನಿಗೆ ಕಿವಿ ಕೊಟ್ಟು ಅದರ ರೋಗ ಹೇಳುತ್ತಿದ್ದರು. ಆದರೆ ಗಾಡಿಯ ಮೈಯ ಕೆಲಸ ಎಂದರೆ ಅವರಿಗೆ ತಾತ್ಸಾರ.

"ಕಾಳಪ್ಪಾ, ಎಂಜಿನ್ ಅಂದ್ರ ಜೀವ. ಉಳದದ್ದೆಲ್ಲಾ ಅಂಗಿ ರುಮಾಲ. ಅಂಗಿ ಹರದ್ರ ಮನಶ್ಯಾ ಸಾಯಂಗಿಲ್ಲ" ಎನ್ನುತ್ತಿದ್ದರು.

ಹಾಗಾಗಿ ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲವೂ ಕಮ್ಮಾರನ ಮಗನಾದ ನನ್ನ ಪಾಲಿಗೆ ಬಂದವು. ಮೊದಮೊದಲು ಬರುತ್ತಿದ್ದ ಗಾಡಿಗಳಿಗೆ ಡಿಕ್ಕಿಯೇ ಇರಲಿಲ್ಲ. ಹಿಂದೆ ಒಂದು ಟ್ರಂಕು ಇಟ್ಟು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಪಟ್ಟಿ ಹರಿದರೆ ಸಮಗಾರರ ಬಳಿ ಹೋದರೆ ಮುಗಿಯಿತು. ಆಮೇಲೆ ಗಾಡಿಯ ಮೈಯಲ್ಲೇ ಸೇರಿಕೊಂಡ ಡಿಕ್ಕಿ ಬಂತು. ಮೇಲ್ಗಡೆ ಎರಡು ಬಿಜಾಗರಿ, ಅಂದರೆ ಮುಚ್ಚಳ ಹಿಡಿದಿರುವ ಕೀಲುಗಳು. ಕೆಳಗೆ ತಿರುಗಿಸುವ ಹಿಡಿಕೆ. ಅಂದಿನಿಂದ ನನ್ನ ಕಷ್ಟವೂ ಶುರುವಾಯಿತು.

ಆಗ ಗೊತ್ತಿದ್ದ ಮದ್ದು ಒಂದೇ. ಮುಚ್ಚಳ ಒಂದು ಕಡೆ ಎದ್ದಿದ್ದರೆ ಬಿಜಾಗರಿಯ ಸಂದಿಗೆ ಕಟ್ಟಿಗೆಯ ತುಂಡು ಕೊಟ್ಟು ಮೇಲಿನಿಂದ ಮೊಣಕಾಲು ಊರಿ ಒತ್ತುವುದು. ಬಿಜಾಗರಿ ಬಾಗಿ ಮುಚ್ಚಳ ಕೆಳಗೆ ಬರುತ್ತದೆ. ತಗಡಿನ ಬಿಜಾಗರಿಯಾದರೆ ಇದು ನಡೆಯುತ್ತದೆ, ಇವತ್ತಿಗೂ ನಡೆಯುತ್ತದೆ. ಒಮ್ಮೆ ಯಲಬುರ್ಗಾದ ವಕೀಲರೊಬ್ಬರ ಗಾಡಿ ಬಂತು. ನಾನು ಊರಿಗೆ ಹೋಗಿದ್ದೆ. ವಕೀಲರಿಗೆ ಅವಸರ. ಉಸ್ತಾದರು "ಇದರಾಗೇನೈತಿ" ಎಂದು ಕಟ್ಟಿಗೆ ಇಟ್ಟು ಮೊಣಕಾಲು ಊರಿದರಂತೆ. ಆ ಬಿಜಾಗರಿ ಬೀಡಿನದು, ಅಚ್ಚಿನಲ್ಲಿ ಎರಕ ಹೊಯ್ದದ್ದು. ಬೀಡು ಬಾಗುವುದಿಲ್ಲ. ಗಡಿಗೆ ಒಡೆದಂತೆ ಟಕ್ಕೆಂದು ಎರಡಾಯಿತು. ನಾನು ಮರಳಿ ಬಂದಾಗ ಮುಚ್ಚಳ ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು. ಉಸ್ತಾದರು ವಕೀಲರ ಮುಂದೆ ಕೈಕಟ್ಟಿ ನಿಂತಿದ್ದರು.

"ವಕೀಲ ಸಾಹೇಬ್ರ, ನಿಮ್ಮ ಬಿಜಾಗರಿ ಮುರದಾಂವ ನಾನು. ಹೊಸಾದು ಮಾಡಿಸಿ ಕೊಡ್ತೀನ್ರಿ."

"ಒತ್ತಿದ್ರ ಮುರೀತೈತಿ ಅಂತ ನಿಮಗ ಮೊದಲ ಗೊತ್ತಿರಲಿಲ್ಲೇನು?"

"ಗೊತ್ತಿದ್ರ ಒತ್ತತಿದ್ನೇನ್ರಿ?"

ವಕೀಲರಿಗೆ ನಗು ಬಂದುಬಿಟ್ಟಿತು. ನಾನು ಮುರಿದ ತುಂಡುಗಳನ್ನು ಅಳವಂಡಿಗೆ ಒಯ್ದೆ. ಅಪ್ಪ ಅವನ್ನು ಜೋಡಿಸಿ ತಿರುಗಿಸಿ ನೋಡಿ, "ಭಾರ ಯಾವ ಕಡಿ ಬೀಳತೈತಿ?" ಎಂದಷ್ಟೇ ಕೇಳಿದರು. ಹಳೆಯ ಗಾಲಿಯ ಹಳಿ ಕಾಯಿಸಿ ಬಡಿದು ಹೊಸ ಬಿಜಾಗರಿ ಮಾಡಿಕೊಟ್ಟರು. ಅದನ್ನು ಕೂರಿಸುವಾಗ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಬೋಲ್ಟು ಸಡಿಲಿಸುವ ಮೊದಲು ಬಿಜಾಗರಿಯ ಸುತ್ತ ಮೊಳೆಯಿಂದ ಗೆರೆ ಎಳೆಯಿರಿ, ಮೊದಲು ಎಲ್ಲಿತ್ತೆಂಬ ಗುರುತು ಉಳಿಯುತ್ತದೆ. ಎಲ್ಲ ಬೋಲ್ಟನ್ನೂ ಒಮ್ಮೆಲೇ ಬಿಚ್ಚಬೇಡಿ. ಮುಚ್ಚಳದ ಇನ್ನೊಂದು ತುದಿ ಹಿಡಿಯಲು ಒಬ್ಬರು ಇರಲಿ. ಹೊಸದಾಗಿ ಕೂರಿಸಿದ ಮುಚ್ಚಳವನ್ನು ಧಡಾರನೆ ಹಾಕಬೇಡಿ, ಕೈಯಲ್ಲಿ ಹಿಡಿದು ಇಳಿಸಿ. ಎಲ್ಲಿ ತಾಗುತ್ತದೆಂದು ಅದೇ ಹೇಳುತ್ತದೆ.

ಕುಷ್ಟಗಿಯ ಗುತ್ತಿಗೆದಾರರ ಗಾಡಿಯ ಮಾತು ನೆನಪಾಗುತ್ತಿದೆ. ಅದರ ಮುಚ್ಚಳ ಪೂರ್ತಿ ಇಳಿಯುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಬೇರೆ ಯಾರೋ ಎರಡೂ ಬಿಜಾಗರಿ ಬಗ್ಗಿಸಿ, ಹಿಡಿಕೆ ಬದಲಿಸಿ, ಅಂಚನ್ನು ಸುತ್ತಿಗೆಯಿಂದ ಬಡಿದು ಹಾಳು ಮಾಡಿದ್ದರು. ನಾನು ಮುಚ್ಚಳದ ಬಾಯಿಯ ಸುತ್ತಲಿನ ರಬ್ಬರ್ ಪಟ್ಟಿಯನ್ನು ಕಿತ್ತು ನೋಡಿದರೆ ಕೆಳಗೆ ಒಂದು ಹುಣಸೆಬೀಜ. ಬೀಜ ತೆಗೆದದ್ದು ಒಂದು ಗಳಿಗೆಯ ಕೆಲಸ. ಅವರು ಬಡಿದದ್ದನ್ನು ಸರಿ ಮಾಡಲು ಒಂದು ವಾರ ಹೋಯಿತು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದಾಯಿತು. ಗಾಡಿ ಇದ್ದವರು ಇದ್ದಿಲು ಸುಟ್ಟು ಅದರ ಹೊಗೆಯಿಂದ ಎಂಜಿನ್ ಓಡಿಸುವ ಒಲೆ ಹಾಕಿಸತೊಡಗಿದರು. ಆಳೆತ್ತರದ ಕಬ್ಬಿಣದ ಪೀಪಾಯಿ, ಅದಕ್ಕೆ ಕೊಳವೆಗಳು, ಇದ್ದಿಲ ಚೀಲ. ಇಷ್ಟನ್ನೂ ಗಾಡಿಯ ಬೆನ್ನಿಗೆ ಕಬ್ಬಿಣದ ತೋಳು ಕೊಟ್ಟು ನೇತುಹಾಕುತ್ತಿದ್ದರು. ಗಾಡಿ ಹೊರಡಬೇಕಾದರೆ ಮೊದಲು ಒಲೆ ಹೊತ್ತಿಸಿ ಕೈ ಪಂಖ ತಿರುವಬೇಕು. ಉಸ್ತಾದರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಎಂಜಿನ್ನಿಗೆ ಹೊಗಿ ಕುಡಸ್ತಾರಲೋ" ಎಂದು ಸಂಕಟಪಡುತ್ತಿದ್ದರು. ನಮ್ಮ ಶೆಡ್ಡಿನಲ್ಲಿ ಒಂದಕ್ಕೂ ಆ ಒಲೆ ಹಾಕಲು ಬಿಡಲಿಲ್ಲ. ರಾಯಚೂರಿನ ಕಡೆ ಹಾಕಿಸಿಕೊಂಡು ಬರುತ್ತಿದ್ದರು. ಯುದ್ಧ ಮುಗಿದು ಪೆಟ್ರೋಲು ಬಂದಾಗ ಒಲೆಗಳನ್ನು ಕಿತ್ತು ಗುಜರಿಗೆ ಹಾಕಿ, ಗಾಡಿಗೆ ಹೊಸ ಬಣ್ಣ ಬಳಿದು, ಏನೂ ಆಗಿಲ್ಲವೆಂಬಂತೆ ಓಡಿಸಿದರು.

ಅದೇ ಸುಮಾರಿಗೆ ದನಗಳಿಗೆ ದೊಡ್ಡ ಬ್ಯಾನಿ ಎನ್ನುವ ಅಂಟುರೋಗ ಬಂತು. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ನಾಲ್ಕೈದು ದಿನಕ್ಕೆ ದನ ಮಲಗಿಬಿಡುತ್ತಿತ್ತು. ಕುಷ್ಟಗಿ ಸೀಮೆಯಲ್ಲಿ ಶುರುವಾದದ್ದು ಯಲಬುರ್ಗಾಕ್ಕೆ ಬಂದು, ಅಲ್ಲಿಂದ ನಮ್ಮ ಅಳವಂಡಿಯ ಕಡೆ ಕಾಲಿಟ್ಟಿತು. ಕೊಪ್ಪಳದ ದನದ ದವಾಖಾನೆಗೆ ಲಕ್ಷ್ಮಣರಾವ್ ಎಂಬ ಡಾಕ್ಟರು ಬಂದಿದ್ದರು. ವರಂಗಲ್ ಕಡೆಯ ತೆಲುಗರು. ಹೈದರಾಬಾದಿನಲ್ಲಿ ಓದಿದವರು. ಕನ್ನಡವನ್ನು ಇಲ್ಲಿಗೆ ಬಂದು ಕಲಿತಿದ್ದರು. ಅವರು ಹಾಕುವ ಸೂಜಿಯ ಮದ್ದು ಬರ್ಫದ, ಅಂದರೆ ಮಂಜುಗಡ್ಡೆಯ, ಪೆಟ್ಟಿಗೆಯಲ್ಲಿ ರೈಲಿಗೆ ಬರುತ್ತಿತ್ತು. ಬರ್ಫ ಕರಗುವ ಮೊದಲು ಹಳ್ಳಿ ಮುಟ್ಟಬೇಕು. ಅದಕ್ಕಾಗಿ ಸರ್ಕಾರದವರು ಒಂದು ಗಾಡಿ ಕೊಟ್ಟಿದ್ದರು. ಗಂಗಾವತಿಯ ಎಣ್ಣೆ ಸಾಹುಕಾರರೊಬ್ಬರು ಮಾರಿದ, ದೊಡ್ಡ ಡಿಕ್ಕಿಯ ಅಮೇರಿಕದ ಗಾಡಿ. ಮೈಯೆಲ್ಲ ಹೊಸ ಹಸಿರು ಬಣ್ಣ. ಡ್ರೈವರ್ ಹೇಮಗುಡ್ಡದ ಹನಮಂತ, ಅವನೂ ಹೊಸಬ.

ಆ ಗಾಡಿ ಮೊದಲ ಸಲ ನಮ್ಮಲ್ಲಿಗೆ ಬಂದದ್ದು ಮುಚ್ಚಳದ ದೂರಿನೊಂದಿಗೇ. ಹಿಟ್ನಾಳದ ಹಾದಿಯಲ್ಲಿ ತಾನಾಗಿ ತೆರೆದುಕೊಂಡಿತ್ತು. ನಾನು ನೋಡಿದೆ. ಎಡಮೂಲೆ ಎದ್ದಿದೆ, ಬಲಗಡೆ ಉಜ್ಜುತ್ತಿದೆ. ಎಡ ಬಿಜಾಗರಿಯ ಕೆಳಗೆ ಎತ್ತರಕ್ಕೆಂದು ಇಟ್ಟಿದ್ದ ಪ್ಯಾಕಿಂಗ್ ತೆಗೆದು, ಬಲಕ್ಕೆ ತಗಡು ಕೊಟ್ಟು, ಸುತ್ತಲೂ ಸಂದು ಸಮವಾಗುವಂತೆ ಕೂರಿಸಿದೆ. ಶೆಡ್ಡಿನ ನೆಲದ ಮೇಲೆ ಮುಚ್ಚಳ ಡಬ್ಬಿಯ ಮುಚ್ಚಳದಂತೆ ಕೂತಿತು. ಎರಡು ದಿನಕ್ಕೆ ಮತ್ತೆ ಬಂತು. ಮತ್ತೆ ಸರಿ ಮಾಡಿದೆ. ಮತ್ತೆ ಬಂತು.

ಉಸ್ತಾದರು ಎಂಜಿನ್ನಿನಿಂದ ತಲೆ ಎತ್ತದೆ, "ಒಂದ ಅಂಗಿ ಎಷ್ಟ ಸಲ ಹೊಲೀತಿ?" ಎಂದರು.

ಕೊನೆಗೆ ಹನಮಂತ ಬೇಸತ್ತು ಹಿಡಿಕೆಗೆ ಹಗ್ಗ ಹಾಕಿ ಕೆಳಗಿನ ಬಂಪರಿಗೆ ಬಿಗಿದುಬಿಟ್ಟ. ಹಗ್ಗ ಇದ್ದರೆ ಸಾಕಲ್ಲ ಎಂದು ನಾನೂ ಸುಮ್ಮನಾದೆ.

ಆಮೇಲೆ ಒಂದು ಮುಂಜಾನೆ ಡಾಕ್ಟರು ಹನಮಂತನೊಂದಿಗೆ ಶೆಡ್ಡಿಗೆ ಬಂದರು. ಬಟ್ಟೆಯೆಲ್ಲ ಧೂಳು. ಹನಮಂತ ತಲೆ ಬಗ್ಗಿಸಿ ನಿಂತಿದ್ದ. ಹಿಂದಿನ ದಿನ ಅಳವಂಡಿಗೆ ಹೋಗುವಾಗ ಹಳ್ಳದ ಇಳಿಜಾರಿನಲ್ಲಿ ಮುಚ್ಚಳದ ಅಂಚು ಹಗ್ಗವನ್ನು ಕಡಿದುಹಾಕಿ, ಡಿಕ್ಕಿ ತೆರೆದು, ಪೆಟ್ಟಿಗೆ ಕಲ್ಲಿನ ಮೇಲೆ ಬಿದ್ದಿತ್ತು. ಬಾಟ್ಲಿಗಳೆಲ್ಲ ಒಡೆದಿದ್ದವು.

"ಉಸ್ತಾದ್, ನಾ ಯಾರ ಮೇಲೂ ಸಿಟ್ಟು ಮಾಡ್ಲಿಕ್ಕೆ ಬಂದಿಲ್ಲ" ಎಂದರು ಡಾಕ್ಟರು. "ಅಳವಂಡಿಯಲ್ಲಿ ಜನ ದನ ಹಿಡಕೊಂಡು ಕಾಯ್ತಾ ಇದ್ರು. ನಾ ಖಾಲಿ ಕೈಯಲ್ಲಿ ಹೋಗಿ ನಿಂತೆ. ಊರ ದೇವಿಗೆ ಈ ಮದ್ದು ಬ್ಯಾಡಾಗ್ಯಾದ, ಅದಕ್ಕೇ ಹಾದಿಯಲ್ಲೇ ಒಡೆದು ಹಾಕ್ಯಾಳ ಅಂದ್ರು. ನಾಡದು ಮತ್ತ ಪೆಟ್ಟಿಗೆ ಬರ್ತದ. ಈ ಸಲನೂ ಹಿಂಗೇ ಆದ್ರೆ ಆ ಊರಿನಲ್ಲಿ ಇನ್ನ ಯಾರೂ ನನ್ನ ಮುಂದೆ ದನ ತರೋದಿಲ್ಲ."

ಅಳವಂಡಿ ನನ್ನ ಊರು. ಅಲ್ಲಿ ಯಾರ ಹಟ್ಟಿಯಲ್ಲಿ ಎಷ್ಟು ದನ ಇವೆಯೆಂದು ನನಗೆ ಗೊತ್ತು. "ನಾ ನೋಡಿದಾಗ ಭಾಳ ಛಲೋ ಕುಂತಿತ್ರಿ ಸಾಹೇಬ್ರ. ಇಲ್ಲಿ ನಿಂತಾಗ ಒಂದ್ ಕೂದಲಷ್ಟೂ ಆಚೀಚಿ ಇಲ್ರಿ" ಎಂದೆ.

ಡಾಕ್ಟರು ಗಾಡಿಗೆ ಒಂದು ಸುತ್ತು ಬಂದರು. "ಕಾಳಪ್ಪಾ, ಕುಂಟೋ ಎತ್ತನ್ನ ನನ್ನ ಹತ್ರ ತರ್ತಾರ. ನಿಂತಾಗ ನೋಡಿದ್ರ ನಾಲ್ಕೂ ಕಾಲು ಸರಿ ಇರ್ತಾವ. ನಡೆಸಿ ನೋಡಿದಾಗ್ಲೇ ಯಾವ ಕಾಲು ಅಂತ ತಿಳೀತದ. ನೀವು ಈ ಗಾಡಿನ ನಿಲ್ಲಿಸೇ ನೋಡ್ತಾ ಇದ್ದೀರಿ."

ಉಸ್ತಾದರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. ಅರಿವೆಯಿಂದ ಕೈ ಒರೆಸಿಕೊಂಡು ಬಂದು ಡಿಕ್ಕಿಯ ಮುಂದೆ ನಿಂತರು. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು.

"ಮುಚ್ಚಳ ಎತ್ತು."

"ಯಾಕ್ರಿ?"

"ಒಳಗ ಕುಂದರ್ತೀನಿ. ಹನಮಂತ ಗಾಡಿ ಹೊಡೀಲಿ. ಎಲ್ಲಿ ಬೆಳಕ ಬರತೈತಿ, ಎಲ್ಲಿ ಧೂಳಿ ಬರತೈತಿ, ಒಳಗಿನಿಂದ ನೋಡಿದ್ರ ತಿಳೀತೈತಿ."

"ಉಸ್ತಾದ್ರ, ನಾ ಕುಂದರ್ತೀನ್ರಿ. ನಿಮ್ಮ ವಯಸ್ಸೇನು!"

"ನಿನ್ನ ಮೈ ನೋಡಿಕೋ ಮೊದಲ. ನೀ ಹಿಡಸ್ತಿಯೇನು ಇದರಾಗ?"

ಅದು ನಿಜ. ನಾನು ಆಗ ತೊಲೆಯಂತಿದ್ದೆ. ಅವರು ಪಂಚೆ ಮಡಚಿ, ಮೊಣಕಾಲು ಎದೆಗೆ ತಂದು, ಡಿಕ್ಕಿಯಲ್ಲಿ ಮಗ್ಗುಲಾಗಿ ಕೂತರು. ನಾನು ಮುಚ್ಚಳ ಇಳಿಸಿ ಹಿಡಿಕೆ ತಿರುವಿದೆ. ಡಾಕ್ಟರು ಮುಂದೆ ಹನಮಂತನ ಪಕ್ಕ ಕೂತರು. ನಾನು ಮುಚ್ಚಳದ ಮೇಲೆ ಕಣ್ಣಿಟ್ಟು ಗಾಡಿಯ ಪಕ್ಕದ ಕಾಲಿಡುವ ಹಲಗೆಯ ಮೇಲೆ ನಿಂತು ಜೋತುಬಿದ್ದೆ. ಗಾಡಿ ಅಳವಂಡಿಯ ಹಾದಿ ಹಿಡಿಯಿತು.

ಊರು ದಾಟುವವರೆಗೆ ಮುಚ್ಚಳ ಅಲುಗಲಿಲ್ಲ. ಬಂಡಿ ಹಾದಿ ಶುರುವಾದ ಮೇಲೆ ಎಡಮೂಲೆ ಸಣ್ಣಗೆ ಬಾಯಿ ತೆರೆದು ಮುಚ್ಚತೊಡಗಿತು. ಹಳ್ಳದ ಇಳಿಜಾರಿಗೆ ಬಂದಾಗ ಎಡಗಡೆಯ ಹಿಂದಿನ ಗಾಲಿ ಬಂಡಿಯ ಜಾಡಿನ ತಗ್ಗಿಗೆ ಇಳಿಯಿತು. ಒಳಗಿನಿಂದ ಉಸ್ತಾದರು ಧಪಧಪ ಬಡಿದರು. ಹನಮಂತ ಗಾಡಿ ನಿಲ್ಲಿಸಿದ. ನಾನು ಇಳಿದು ಹಿಡಿಕೆ ತಿರುವಿದೆ. ಅದು ತಿರುಗಲಿಲ್ಲ. ಎರಡೂ ಕೈ ಹಾಕಿದೆ. ಹನಮಂತನೂ ಬಂದು ಕೈ ಹಾಕಿದ. ಇಷ್ಟು ದಿನ ಮುಚ್ಚಿಕೊಂಡಿರು ಎಂದರೆ ತೆರೆದುಕೊಳ್ಳುತ್ತಿದ್ದ ಮುಚ್ಚಳ ಈಗ ತೆರೆ ಎಂದರೆ ತೆರೆಯಲೊಲ್ಲದು.

ಬಿಸಿಲು ಏರಿತ್ತು. ತಗಡು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಡಾಕ್ಟರು ಇಳಿದು ಬಂದರು. "ಏಮಯ್ಯಾ, ಮುದುಕ ಮನುಷ್ಯ! ಒಳಗ ಉಸಿರು ಕಟ್ತದ, ಬೇಗ ತೆಗೀರಿ!" ಎಂದರು. ಹನಮಂತ ಓಡಿಹೋಗಿ ಸೀಟಿನ ಕೆಳಗಿನಿಂದ ಕಬ್ಬಿಣದ ಹಾರೆ ತಂದ. ಹಾರೆಯ ಮೊನೆ ಮುಚ್ಚಳದ ಸಂದಿಗೆ ತಾಗಿದ್ದೇ ತಡ, ಒಳಗಿನಿಂದ ಧ್ವನಿ ಬಂತು.

"ಯಾವನಲೇ ಅಂವ ಹಾರಿ ಹಾಕಾಂವ? ಅಂಚು ಮಣಿತಂದ್ರ ಕೈ ಮುರೀತೀನಿ ನೋಡು. ಕಾಳಪ್ಪಾ!"

"ಏನ್ರಿ ಉಸ್ತಾದ್ರ? ಉಸಿರು ಆಡತೈತೇನ್ರಿ?"

"ಉಸಿರು ಐತಿ. ಮಾತ ಕೇಳು. ಎಡಗಡಿ ಮೂಲ್ಯಾಗ ಬೆರಳು ಹೋಗೂವಷ್ಟು ಬೆಳಕ ಐತಿ. ಬಲಗಡಿ ಕತ್ತಲಿ. ಗಾಡಿ ನಡಿಯೂ ಮುಂದ ಆ ಬೆಳಕ ದೊಡ್ಡದು ಸಣ್ಣದು ಆಕ್ಕೊಂತ ಬಂತು. ಈಗ ಗಾಲಿ ಎಲ್ಲೈತಿ?"

"ಎಡಗಡಿ ಹಿಂದಿಂದು ತಗ್ಗಿನ್ಯಾಗ ಐತ್ರಿ."

ಒಳಗೆ ತಗಡಿನ ಮೇಲೆ ಬೆರಳು ಆಡಿಸಿದ ಸದ್ದು ಕೇಳಿತು. ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ಉಸ್ತಾದರು ಶೆಡ್ಡಿನಲ್ಲಿ ಕೂತು ಹೇಳುವಷ್ಟೇ ನಿಧಾನವಾಗಿ ಹೇಳಿದರು: "ಅಲ್ಲೇ ಜಾಕ್ ಕೊಡು. ಸಾವಕಾಶ ಎತ್ತು. ನಾ ಹೇಳೂತನಕಾ ಎತ್ತು."

ನಾನು ಕಲ್ಲು ಇಟ್ಟು ಎಡಗಡೆ ಜಾಕ್ ಕೊಟ್ಟು ತಿರುವತೊಡಗಿದೆ. ಒಳಗಿನಿಂದ ಅವರು ಹೇಳುತ್ತಲೇ ಇದ್ದರು.

"ಬೆಳಕ ಸಣ್ಣದಾತು... ಇನ್ನೂ ಎತ್ತು... ದಾರದಷ್ಟಾತು... ಎತ್ತು... ಹೋತು. ಈಗ ನೋಡು."

ಹನಮಂತ ಹಿಡಿಕೆ ಮುಟ್ಟಿದ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಮುಚ್ಚಳ ಎತ್ತಿದಾಗ ಉಸ್ತಾದರು ಹಿಟ್ಟಿನ ಗಿರಣಿಯಿಂದ ಬಂದವರಂತೆ ಒಂದು ಮಗ್ಗುಲು ಮಾತ್ರ ಬೆಳ್ಳಗಾಗಿ ಕೂತಿದ್ದರು. ಎಡ ಭುಜ, ಎಡಗಡೆಯ ಗಡ್ಡ, ಎಡ ಹುಬ್ಬು ಪೂರ್ತಿ ಧೂಳು. ಬಲಗಡೆ ಏನೂ ಇಲ್ಲ. ನಾವು ಕೈ ಕೊಟ್ಟರೂ ಅವರು ಕೂಡಲೇ ಇಳಿಯಲಿಲ್ಲ. ಡಿಕ್ಕಿಯಲ್ಲೇ ಕೂತು ಬೆವರು ಒರೆಸಿಕೊಂಡು ಹೇಳಿದರು: "ಬಿಜಾಗರಿ ತಪ್ಪಲ್ಲ. ಮುಚ್ಚಳದ ತಪ್ಪಲ್ಲ. ಗಾಡಿ ಸೊಂಟ ಮುರದೈತಿ. ಗಾಲಿ ಇಳಿದ್ರ ಡಿಕ್ಕಿ ಬಾಯಿ ಸೊಟ್ಟ ಆಗತೈತಿ. ಬಾಯಿನ ಸೊಟ್ಟ ಆದ್ರ ಮುಚ್ಚಳ ಏನ್ ಮಾಡೀತು ಪಾಪ."

ದಂಡೆಯ ಮೇಲೆ ಕುರಿ ಕಾಯುತ್ತಿದ್ದ ಇಬ್ಬರು ಕೋಲೂರಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ದನದ ಡಾಕ್ಟರು ಡಬ್ಬಿಯಲ್ಲಿ ಒಬ್ಬ ಮುದುಕನನ್ನು ಇಟ್ಟುಕೊಂಡು ತಿರುಗುತ್ತಾರೆಂಬ ಸುದ್ದಿ ಅಂದೇ ಅಳವಂಡಿ ಮುಟ್ಟಿತು.

ಶೆಡ್ಡಿಗೆ ಬಂದು ಗಾಡಿ ಎತ್ತಿ ನಾನೂ ಉಸ್ತಾದರೂ ಕೆಳಗೆ ಮಲಗಿದೆವು. ಮೈಯ ಕೆಲಸಕ್ಕೆ ಅವರು ಗಾಡಿಯ ಕೆಳಗೆ ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೊಸ ಹಸಿರು ಬಣ್ಣ ಕೆರೆದಾಗ ಹಿಂಬದಿಯ ಚಾಸಿಯಲ್ಲಿ, ಅಂದರೆ ಗಾಡಿಯ ಮೈ ಹೊತ್ತ ಕಬ್ಬಿಣದ ಚೌಕಟ್ಟಿನಲ್ಲಿ, ಅರಗು ಮೆತ್ತಿ ಮುಚ್ಚಿದ ದೊಡ್ಡ ತೂತುಗಳು ಕಂಡವು. ಉಸ್ತಾದರು ಬೆರಳು ಹಾಕಿ ನೋಡಿ, "ಹೊಗಿ ಒಲಿ" ಎಂದರು. ಗಾಡಿ ಮಾರಿದ ಸಾಹುಕಾರರು ಯುದ್ಧದ ಕಾಲದಲ್ಲಿ ಆ ಪೀಪಾಯಿಯನ್ನು ಇಲ್ಲಿಯೇ ನೇತುಹಾಕಿ ವರ್ಷಗಟ್ಟಲೆ ಓಡಿಸಿದ್ದರು. ಆ ಭಾರಕ್ಕೆ ಎಡಗಡೆಯ ಅಡ್ಡಪಟ್ಟಿ ತೂತಿನಿಂದ ತೂತಿಗೆ ಬಿರಿದಿತ್ತು. ಗಾಡಿ ಸಮ ನೆಲದ ಮೇಲೆ ನಿಂತಾಗ ಬಿರುಕು ಕೂಡಿಕೊಳ್ಳುತ್ತಿತ್ತು. ಹಾದಿಯಲ್ಲಿ ಬಾಯಿ ಬಿಡುತ್ತಿತ್ತು.

ಜಾಕಿನಿಂದ ಎತ್ತಿ ಬಿರುಕು ಕೂಡಿಸಿ, ಒಳಗೂ ಹೊರಗೂ ದಪ್ಪ ಪಟ್ಟಿ ಇಟ್ಟು, ಕಾಯಿಸಿದ ರಿವೆಟ್ ಹೊಡೆದೆವು. ಗಾಡಿಯ ಮೈ ಚಾಸಿಯ ಮೇಲೆ ಕೂರುವ ಜಾಗಗಳಲ್ಲಿ ಪ್ಯಾಕಿಂಗ್ ಬದಲಿಸಿದೆವು. ಆಮೇಲೆ ಡಿಕ್ಕಿಯ ಬಾಯಿಗೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದೆವು. ಎರಡೂ ಕಡೆ ದಾರ ಒಂದೇ ಉದ್ದ ಬಂದ ಮೇಲೆಯೇ ಮುಚ್ಚಳಕ್ಕೆ ಕೈ ಹಚ್ಚಿದ್ದು. ನಾನು ಇಷ್ಟು ದಿನ ಕೊಟ್ಟಿದ್ದ ತಗಡುಗಳನ್ನೆಲ್ಲ ಕಿತ್ತು ಎಸೆದೆ. ಒಂದೂ ಬೇಕಾಗಲಿಲ್ಲ. ರಬ್ಬರ್ ಪಟ್ಟಿ ಸಿಗುವ ಕಾಲವಲ್ಲ. ಹಳೆಯ ಸೈಕಲ್ ಟ್ಯೂಬು ಕೊಯ್ದು ಬಾಯಿಯ ಸುತ್ತ ಅಂಟಿಸಿ, ಅದರ ಮೇಲೆ ದೀಪದ ಕಾಡಿಗೆ ಸವರಿ ಮುಚ್ಚಳ ಇಳಿಸಿ ಎತ್ತಿದೆವು. ಮುಚ್ಚಳದ ಒಳ ಅಂಚಿನಲ್ಲಿ ಕಪ್ಪು ಗೆರೆ ಎಲ್ಲೂ ಕಡಿಯದೆ ಸುತ್ತ ಮೂಡಿತ್ತು. ಎಲ್ಲಿ ಗೆರೆ ಕಡಿಯುತ್ತದೋ ಅಲ್ಲಿ ಧೂಳು ನುಗ್ಗುತ್ತದೆ. ಕೊನೆಗೆ ಒಂದು ಗಾಲಿಯನ್ನು ದಿಮ್ಮಿಯ ಮೇಲೆ ಹತ್ತಿಸಿ ಮುಚ್ಚಳ ತೆಗೆದು ಹಾಕಿ ನೋಡಿದೆವು. ಸಮ ನೆಲದ ಮೇಲೆ ಹೇಗೋ ಹಾಗೆಯೇ ಕೂತಿತು. ಅಂದಿನಿಂದ ಇಂದಿನವರೆಗೆ ಗಾಲಿ ಎತ್ತಿ ನೋಡದೆ ಯಾವ ಗಾಡಿಯ ಡಿಕ್ಕಿಯನ್ನೂ ನಾನು ಸರಿಯಾಯಿತೆಂದು ಕೊಟ್ಟಿಲ್ಲ.

ರೈಲಿಗೆ ಪೆಟ್ಟಿಗೆ ಬಂತು. ಉಸ್ತಾದರ ಬೆನ್ನು ಹಿಡಿದುಕೊಂಡಿತ್ತು, ಅವರು ಉಳಿದರು. ಡಾಕ್ಟರು, ಹನಮಂತ, ನಾನು ಹೊರಟೆವು. ಹಳ್ಳದ ಇಳಿಜಾರಿನಲ್ಲಿ ಹನಮಂತ ಬೇಕೆಂದೇ ಅದೇ ತಗ್ಗಿನಲ್ಲಿ ಗಾಲಿ ಇಳಿಸಿ, ನನ್ನ ಕಡೆ ತಿರುಗಿ ನೋಡಿದ. ಮುಚ್ಚಳ ಮಿಸುಕಲಿಲ್ಲ.

ಅಳವಂಡಿಯಲ್ಲಿ ಜನ ಸೇರಿದ್ದರು. ಆದರೆ ಯಾರ ಕೈಯಲ್ಲೂ ದನದ ಹಗ್ಗ ಇರಲಿಲ್ಲ. ದನಗಳೆಲ್ಲ ಹಟ್ಟಿಯಲ್ಲಿದ್ದವು. ನಾನು ಡಿಕ್ಕಿ ತೆಗೆದೆ. ಪೆಟ್ಟಿಗೆಗೆ ಸುತ್ತಿದ್ದ ಗೋಣಿತಾಟಿನ ಮೇಲೆ ಧೂಳಿರಲಿಲ್ಲ. ಡಾಕ್ಟರು ಸೂಜಿ ಕುದಿಸಿಟ್ಟುಕೊಂಡು ಕಾದರು. ಒಬ್ಬ ಹಿರಿಯರು, "ದೇವಿ ಒಮ್ಮಿ ಬ್ಯಾಡ ಅಂದಾಳ್ರಿ. ಮತ್ತ ಹಾಕಿಸಿದ್ರ ಸಿಟ್ಟಾಗ್ತಾಳ" ಎಂದರು. ಡಾಕ್ಟರು ಸಮಾಧಾನದಿಂದ ಹೇಳಿ ನೋಡಿದರು. ನಾನೂ ಹೇಳಿದೆ, ದೇವಿ ಒಡೆಯಲಿಲ್ಲ, ಗಾಡಿಯ ಪಟ್ಟಿ ಬಿರಿದಿತ್ತು ಎಂದು. ಯಾರೂ ಕದಲಲಿಲ್ಲ. ನನ್ನ ಅಪ್ಪ ಕುಲುಮೆಯ ಮುಂದೆ ನಿಂತು ಎಲ್ಲ ನೋಡುತ್ತಿದ್ದರು.

ಆಗ ನಮ್ಮ ಓಣಿಯ ಗೌರವ್ವ ಒಂದು ಬಿಳಿ ಎತ್ತು ಹಿಡಿದುಕೊಂಡು ಬಂದಳು. ಗಂಡ ತೀರಿಹೋದ ಮೇಲೆ ತಾನೇ ನೇಗಿಲು ಹಿಡಿದು ಹೊಲ ಮಾಡುತ್ತಿದ್ದವಳು. ಜೋಡಿ ಎತ್ತುಗಳ ಹೊರತು ಬೇರೆ ಬದುಕಿರಲಿಲ್ಲ. ಬಂದವಳು ಡಾಕ್ಟರ ಮುಂದೆ ನಿಂತಳು.

"ಆವತ್ತು ನಿಮ್ಮ ಬಾಟ್ಲಿ ಒಡದ್ವಲ್ರಿ, ಆವತ್ತು ನನ್ನ ಎತ್ತು ಇನ್ನಾ ನಿಂತಿತ್ತು. ಮೇವೂ ತಿಂದಿತ್ತು. ನಿನ್ನಿ ಹೋತ್ರಿ."

ನಾನು ಡಿಕ್ಕಿಯ ಪಕ್ಕದಲ್ಲಿ ನಿಂತಿದ್ದೆ. ಕೈ ಮುಚ್ಚಳದ ಮೇಲಿತ್ತು. ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಇದೊಂದು ಉಳದೈತಿ" ಎಂದಳು ಗೌರವ್ವ. "ಇದಕ್ಕ ಹಾಕ್ರಿ. ದೇವಿ ಸಿಟ್ಟಾದ್ರ ನನ್ನ ಮ್ಯಾಲ ಆಗಲಿ. ಹಿಂಗ ಕುಂತ್ರ ಇದೂ ಹೋಗೂದ ಹೌದಲ್ರಿ?"

ಅವಳೇ ಎತ್ತಿನ ಕೊಂಬು ಹಿಡಿದಳು. ಡಾಕ್ಟರು ಸೂಜಿ ಹಾಕಿದರು. ಎತ್ತು ಒಮ್ಮೆ ಚರ್ಮ ನಡುಗಿಸಿ ಸುಮ್ಮನೆ ನಿಂತಿತು. ಅಪ್ಪ ಕುಲುಮೆಯಿಂದ ಇಳಿದು ಬಂದು ಆ ಹಿರಿಯರಿಗೆ, "ನಿನ್ನ ಆಕಳಾ ನಾ ಹಿಡಕೊಂಡು ಬರ್ಲಾ, ನೀನ ತರ್ತೀಯಾ?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಒಂದೊಂದೇ ಹಟ್ಟಿಯಿಂದ ದನಗಳು ಹೊರಬಂದವು. ಪೆಟ್ಟಿಗೆ ಖಾಲಿಯಾಗುವವರೆಗೆ ಡಾಕ್ಟರು ಬೆನ್ನು ನೆಟ್ಟಗೆ ಮಾಡಲಿಲ್ಲ. ನಾನು ಬಾಟ್ಲಿ ಎತ್ತಿ ಕೊಡುತ್ತಿದ್ದೆ, ಪ್ರತಿ ಸಲ ಡಿಕ್ಕಿ ಮುಚ್ಚುತ್ತಿದ್ದೆ. ಬಿಸಿಲು ಒಳಗೆ ಬೀಳಬಾರದಲ್ಲ.

ಎಲ್ಲ ದನಗಳೂ ಉಳಿಯಲಿಲ್ಲ. ಆಗಲೇ ರೋಗ ಒಳಹೊಕ್ಕವು ಹೋದವು. ಉಳಿದವು ಬಹಳ. ಮಳೆಗಾಲದ ಹೊತ್ತಿಗೆ ರೋಗ ನಮ್ಮ ಸೀಮೆ ಬಿಟ್ಟಿತು. ಡಾಕ್ಟರಿಗೆ ತೆಲಂಗಾಣದ ಕಡೆ ವರ್ಗವಾಯಿತು. ಗಾಡಿ ದವಾಖಾನೆಯಲ್ಲೇ ಉಳಿದು ಇನ್ನೂ ಕೆಲವು ವರ್ಷ ಓಡಿತು. ಎಂಜಿನ್ನಿಗೆ ನಮ್ಮಲ್ಲಿಗೆ ಬರುತ್ತಿತ್ತು. ಡಿಕ್ಕಿಗೆಂದು ಮತ್ತೆ ಬರಲಿಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಸಂತೆಯ ದಿನ ನಮ್ಮ ಶೆಡ್ಡಿನ ಮುಂದೆ ಗೌರವ್ವ ಬಂದು ನಿಂತಳು. ಕೈಯಲ್ಲಿ ಅದೇ ಬಿಳಿ ಎತ್ತು. ಜೋಡಿಗೆ ಇನ್ನೊಂದು ಕೊಳ್ಳಲು ಕೊಪ್ಪಳದ ಸಂತೆಗೆ ಹೊರಟಿದ್ದಳು.

"ಕಾಳಪ್ಪಾ, ಡಬ್ಬ್ಯಾಗ ಕುಂತಿದ್ದ ಅಜ್ಜ ಯಾರಪಾ? ಎತ್ತು ತೋರಸೂನಂತ ಬಂದೀನಿ."

ಉಸ್ತಾದರು ಆಗ ಕುಷ್ಟಗಿಯಿಂದ ಬಂದ ಒಂದು ಗಾಡಿಯ ಮುಂದೆ ಇದ್ದರು. ನೀರು ಕುದ್ದು ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಅದರಲ್ಲಿ ಬಂದವರು ಹೈದರಾಬಾದಿನ ರೈಲಿಗೆ ಹೊತ್ತಾಯಿತೆಂದು ಚಡಪಡಿಸುತ್ತಿದ್ದರು. ಉಸ್ತಾದರ ಕೈಯಲ್ಲಿ ಆಗ ತಾನೇ ತುಂಬಿಸಿದ ನೀರಿನ ಬಕೆಟ್ಟು. ಗೌರವ್ವನ ಮಾತು ಕೇಳಿ ತಿರುಗಿದರು. ಎತ್ತನ್ನು ಕೊಂಬಿನಿಂದ ಬಾಲದವರೆಗೆ ನೋಡಿದರು. ದೂರದಿಂದ ನಡೆದು ಬಂದ ಎತ್ತು ನೀರಿನ ವಾಸನೆಗೆ ಮೂತಿ ಮುಂದೆ ಚಾಚಿತು. ಅವರು ಬಕೆಟ್ಟನ್ನು ಅದರ ಮುಂದೆ ಇಟ್ಟರು.

"ಉಸ್ತಾದ್, ಇತ್ತಾಗ ಗಾಡಿ ಸುಡಾಕತ್ತೈತ್ರಿ!" ಎಂದರು ಗಾಡಿಯವರು.

"ಎಂಜಿನ್ ಆರಲಿ" ಎಂದರು ಉಸ್ತಾದರು. "ಮೊದಲ ಇದು ಕುಡೀಲಿ."

ಎತ್ತು ತಲೆ ಎತ್ತದೆ ಕುಡಿಯಿತು. ಬಕೆಟ್ಟಿನ ತಳ ಕಾಣತೊಡಗಿತು. ನಾನು ಇನ್ನೊಂದು ಕೊಡ ಸೇದಿ ತರಲು ಬಾವಿಗೆ ಹೋದೆ.